ರಾಡು ಹಿಡಿದವನ ದುಡ್ಡು

ಭಾವನ ಪಿಂಚಣಿಗಾಗಿ ನಾನು ಬರೆದ ಅರ್ಜಿ ಒಟ್ಟು ನಾಲ್ಕು ಪುಟ. ಮೂರೂವರೆ ಪುಟ ತರ್ಕ, ಅರ್ಧ ಪುಟ ನೆನಪು. ತರ್ಕದ ಭಾಗದಲ್ಲಿ ಇವತ್ತಿಗೂ ನನಗೆ ತಪ್ಪು ಕಾಣುವುದಿಲ್ಲ. ಕೈಕೊಟ್ಟದ್ದು ಆ ಅರ್ಧ ಪುಟ.

ಭಾವ ಅಂದರೆ ನನ್ನ ಅಕ್ಕನ ಗಂಡ. ಲಗ್ಗೆರೆಯ ಬೀದಿಗಳಿಗೆ ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ನೀರು ಬಿಟ್ಟವರು. ಕಚೇರಿಯ ಕಾಗದದಲ್ಲಿ ಅವರ ಹುದ್ದೆಗೆ ವಾಲ್ವ್‌ಮನ್ ಎಂದು ಹೆಸರು. ಬೀದಿಯವರಿಗೆ ಅವರು ‘ನೀರು ಬಿಡೋರು’. ರಸ್ತೆಯ ನಡುವೆ ಅಲ್ಲಲ್ಲಿ ಕಬ್ಬಿಣದ ಮುಚ್ಚಳ ಕಾಣುತ್ತದಲ್ಲ, ಅದನ್ನೆತ್ತಿ, ಕೆಳಗಿನ ವಾಲ್ವಿಗೆ ಎದೆಯೆತ್ತರದ ರಾಡು ಇಳಿಸಿ, ಎರಡೂ ಕೈಯಲ್ಲಿ ತಿರುಗಿಸಬೇಕು. ಯಾವ ಬೀದಿಗೆ ಎಷ್ಟು ಸುತ್ತು ಎನ್ನುವುದು ಎಲ್ಲೂ ಬರೆದಿಲ್ಲ, ಭಾವನ ತಲೆಯಲ್ಲಿದೆ. ಒಂದು ಬೀದಿಗೆ ಎರಡು ಸುತ್ತು ಹೆಚ್ಚಾದರೆ ಇನ್ನೊಂದು ಬೀದಿಯ ಹೆಂಗಸರು ಬಿಂದಿಗೆ ಹಿಡಿದು ಅಕ್ಕನ ಮನೆಯ ಬಾಗಿಲಿಗೆ ಬರುತ್ತಿದ್ದರು. ಅಷ್ಟರಲ್ಲಿ ಭಾವ ಹಿಂದಿನ ಬಾಗಿಲಿನಿಂದ ಹೊರಟಿರುತ್ತಿದ್ದರು ಎಂದು ನನ್ನ ನೆನಪು. ಆ ಮನೆಗೆ ಹಿಂದಿನ ಬಾಗಿಲೇ ಇರಲಿಲ್ಲ ಎಂದು ಅಕ್ಕ ಹೇಳುತ್ತಾಳೆ. ಈ ಬರಹದಲ್ಲಿ ಇಂಥವು ಇನ್ನೂ ಬರಬಹುದು, ಓದುವವರು ಎಚ್ಚರದಿಂದಿರುವುದು ಒಳ್ಳೆಯದು.

ತತ್ವಶಾಸ್ತ್ರದಲ್ಲಿ ಎಂ.ಎ. ಮಾಡುವಾಗ ನಾನು ಎರಡು ವರ್ಷ ಅವರ ಮನೆಯಲ್ಲಿದ್ದೆ. ಯಾವುದನ್ನೂ ಸುಲಭವಾಗಿ ನಂಬಬಾರದು ಎಂದು ವಿಶ್ವವಿದ್ಯಾಲಯ ಕಲಿಸಿತು. ನಂಬದೇ ಇದ್ದವನಿಗೆ ಯಾರು ಸಂಬಳ ಕೊಡುತ್ತಾರೆ ಎಂಬುದನ್ನು ಕಲಿಸಲಿಲ್ಲ. ಅತಿಥಿ ಉಪನ್ಯಾಸಕನಾದೆ, ಪತ್ರಿಕೆಯಲ್ಲಿದ್ದೆ, ಅನುವಾದ ಮಾಡಿದೆ. ಈಗ ಕುಂದಲಹಳ್ಳಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಮನೆಗೆ ಸಾಮಾನು ತಲುಪಿಸುವ ಆ್ಯಪ್ ಒಂದರ ಕನ್ನಡ ವಾಕ್ಯಗಳನ್ನು ತಿದ್ದುತ್ತೇನೆ. ಯಾವ ಕೆಲಸದಲ್ಲೂ ಮೂರು ವರ್ಷ ದಾಟಿದವನಲ್ಲ. ಹೀಗಾಗಿ ಪಿಂಚಣಿ ಎಂಬ ವಿಷಯದಲ್ಲಿ ನನಗೆ ಯಾವ ಸ್ವಾರ್ಥವೂ ಇಲ್ಲ. ಭಾವ ನನ್ನನ್ನು ಪರಿಚಿತರಿಗೆ ತೋರಿಸುವಾಗ ಹೆಸರು ಹೇಳುವುದಿಲ್ಲ, ‘ಇವನು ನಮ್ಮನೆ ಯೂನಿವರ್ಸಿಟಿ’ ಅನ್ನುತ್ತಾರೆ.

ಅವರ ನಿವೃತ್ತಿಗೆ ಇನ್ನು ಆರು ತಿಂಗಳಿದೆ ಎನ್ನುವಾಗ ಅಕ್ಕ ಫೋನ್ ಮಾಡಿದಳು. ಪೀಣ್ಯದ ಎರಡನೇ ಹಂತದಲ್ಲಿ ಒಂದು ಕಾರ್ಖಾನೆಯವರು ಭಾವನಿಗೆ ಗೇಟಿನಲ್ಲಿ ಸೆಕ್ಯುರಿಟಿ ಕೆಲಸ ಕೊಡುತ್ತೇವೆ ಎಂದಿದ್ದಾರಂತೆ. ಮೂವತ್ತು ವರ್ಷ ವಾಲ್ವಿನ ಗುಂಡಿಗಳ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಮುಚ್ಚಳ ಎತ್ತಿ ಎತ್ತಿ ಅವರ ಎರಡೂ ಮಂಡಿ ಸವೆದಿವೆ. ಹನ್ನೆರಡು ಗಂಟೆ ನಿಲ್ಲುವ ಕೆಲಸ ಅವರಿಂದಾಗದು. ಆದರೆ ಬರುವ ಪಿಂಚಣಿಯಲ್ಲಿ ಸಂಸಾರವನ್ನೂ ಮಗಳ ನರ್ಸಿಂಗ್ ಓದನ್ನೂ ತೂಗಿಸಲಾಗುವುದಿಲ್ಲ. ‘ರಾಡಿನ ದುಡ್ಡು ಪಿಂಚಣಿಗೆ ಸೇರಿಸಿದ್ರೆ ಗೇಟಿಗೆ ಹೋಗೋದು ತಪ್ಪುತ್ತೆ ಕಣೋ. ನೀನು ಸ್ವಲ್ಪ ಚೆನ್ನಾಗಿ ಬರೆದುಕೊಡು’ ಅಂದಳು. ಚೆನ್ನಾಗಿ ಬರೆಯುವುದೊಂದೇ ನನ್ನಿಂದ ಮನೆಯವರು ಇವತ್ತಿನವರೆಗೆ ಕೇಳಿರುವ ಸಹಾಯ.

ರಾಡಿನ ದುಡ್ಡು ಏನೆಂದು ಹೇಳಬೇಕು. ಸಂಬಳದ ಚೀಟಿಯಲ್ಲಿ ಅದಕ್ಕೆ ‘ವಿಶೇಷ ಭತ್ಯೆ’ ಎಂದಿದೆ. ಹೊತ್ತಲ್ಲದ ಹೊತ್ತಲ್ಲಿ ಎದ್ದು ವಾಲ್ವು ತಿರುಗಿಸುವವರಿಗೆ ಕಚೇರಿ ತಿಂಗಳು ತಿಂಗಳು ಕೊಡುವ ಹಣ. ಮೊದಮೊದಲು ಬೀಡಿ ಖರ್ಚಿಗೆ ಸಾಲುವಷ್ಟಿತ್ತು, ಸಂಬಳ ಏರಿದ ಹಾಗೆ ಅದೂ ಏರಿ ಈಗ ಗೌರವಯುತವಾಗಿದೆ.

ಸರ್ಕಾರಿ ನೌಕರನ ಸಂಬಳದಲ್ಲಿ ಯಾವ ಭಾಗ ಪಿಂಚಣಿಯ ಲೆಕ್ಕಕ್ಕೆ ಸೇರುತ್ತದೆ ಎಂಬುದನ್ನು ನಾನು ಒಂದು ಭಾನುವಾರವಿಡೀ ಕೂತು ಓದಿದೆ. ಎಂ.ಎ.ಯಲ್ಲಿ ಕೂಡ ಇಷ್ಟು ತಲೆ ತಿಂದ ಪಠ್ಯ ಸಿಕ್ಕಿರಲಿಲ್ಲ. ಮೂಲವೇತನ ಸೇರುತ್ತದೆ, ಪೂರ್ತಿ ಸೇವೆ ಮಾಡಿದವರಿಗೆ ಅದರ ಅರ್ಧ ಪಿಂಚಣಿ. ಮನೆ ಬಾಡಿಗೆ ಭತ್ಯೆ ಸೇರುವುದಿಲ್ಲ; ನಿವೃತ್ತರಾದವರು ಮರದ ಕೆಳಗೆ ವಾಸಿಸುತ್ತಾರೆ ಎಂದಿರಬೇಕು. ವೈದ್ಯಕೀಯ ಭತ್ಯೆ ಸೇರುವುದಿಲ್ಲ. ಅರವತ್ತರ ನಂತರ ಕಾಯಿಲೆಗಳೂ ನಿವೃತ್ತಿ ತೆಗೆದುಕೊಳ್ಳುತ್ತವೆ. ಸಮವಸ್ತ್ರ ಒಗೆಯುವ ಭತ್ಯೆಯೂ ಸೇರುವುದಿಲ್ಲ, ಅದನ್ನು ಮಾತ್ರ ಮರುಮಾತಿಲ್ಲದೆ ಒಪ್ಪಿದೆ.

ನಗೆಯಾಡಿದ್ದಾಯಿತು. ಇದರ ಹಿಂದೆ ಒಂದು ನ್ಯಾಯವೂ ಇದೆ. ಕೆಲಸಕ್ಕೆಂದು ಕೊಟ್ಟದ್ದು ಕೆಲಸದ ಜೊತೆ ಮುಗಿಯಬೇಕು, ಮನುಷ್ಯನಿಗೆಂದು ಕೊಟ್ಟದ್ದು ಮನುಷ್ಯನ ಜೊತೆ ಉಳಿಯಬೇಕು. ಕಾಗದದ ಮೇಲೆ ಇದು ಸ್ಪಷ್ಟವಾಗಿದೆ. ಆದರೆ ರಾಡನ್ನು ಮನೆಯ ಗೋಡೆಗೆ ಒರಗಿಸಿ, ನಿದ್ದೆಯಲ್ಲೂ ಸುತ್ತು ಎಣಿಸುತ್ತಿದ್ದ ಭಾವನಲ್ಲಿ ಕೆಲಸ ಎಲ್ಲಿಗೆ ಮುಗಿಯಿತು, ಮನುಷ್ಯ ಎಲ್ಲಿಂದ ಶುರುವಾದ ಎಂದು ಯಾರು ಗೆರೆ ಎಳೆಯುತ್ತಾರೆ? ನನ್ನ ಮೂರೂವರೆ ಪುಟದ ತಿರುಳು ಇದೇ.

ಗೆರೆ ಎಳೆಯುವವರು ಸಿಬ್ಬಂದಿ ಶಾಖೆಯಲ್ಲಿದ್ದ ಒಬ್ಬ ಮೇಡಂ. ಐವತ್ತರ ಆಸುಪಾಸು, ಮೇಜಿನ ಮೇಲೆ ಕಡತಗಳ ಜೊತೆ ಬಿಡಿಸಿದ ಅವರೆಕಾಳಿನ ಡಬ್ಬಿ. ನಾವು ಹೋದಾಗ ಅವರು ಬಹಳ ತಾಳ್ಮೆಯಿಂದ ವಿವರಿಸಿದರು. ರಾಡಿನ ದುಡ್ಡಿನ ವಿಷಯದಲ್ಲಿ ಮೇಲಿನವರಿಗೂ ಗೊಂದಲವಿದೆ; ಈ ವರ್ಷ ನಿವೃತ್ತರಾಗುವವರು ಬೇಕಾದರೆ ಅರ್ಜಿ ಕೊಡಬಹುದು. ಪರೀಕ್ಷೆ ಒಂದೇ. ರಜೆಯಲ್ಲಿದ್ದಾಗಲೂ, ರಾಡು ಮುಟ್ಟದ ತಿಂಗಳಲ್ಲೂ ಆ ಹಣ ನೌಕರನಿಗೇ ಬಂದಿದ್ದರೆ ಅದು ಸಂಬಳದ ಭಾಗ, ಪಿಂಚಣಿಗೆ ಸೇರಿಸಬಹುದು. ರಾಡು ಹಿಡಿದವರಿಗೆ ಮಾತ್ರ ಬಂದಿದ್ದರೆ ಅದು ಬರೀ ಭತ್ಯೆ, ಸೇರುವುದಿಲ್ಲ. ಭಾವ ರಜೆ ಹಾಕಿದ್ದೇ ಅಪರೂಪ. ದೊಡ್ಡ ರಜೆ ಎಂದರೆ ಕಾಮಾಲೆ ಬಂದು ಎರಡು ತಿಂಗಳು ಮಲಗಿದ್ದಾಗಿನದು, ನಾನು ಅವರ ಮನೆಯಲ್ಲಿದ್ದ ಕಾಲದ್ದು. ಆ ವರ್ಷಗಳ ಸಂಬಳದ ಪುಸ್ತಕಗಳು, ಕಚೇರಿ ಎರಡು ಸಲ ಜಾಗ ಬದಲಿಸಿದ್ದರಿಂದ, ಎಲ್ಲಿವೆಯೋ ಗೊತ್ತಿಲ್ಲ. ಹುಡುಕುತ್ತೇವೆ, ಅಲ್ಲಿಯವರೆಗೆ ಆಗ ಮನೆಯಲ್ಲಿದ್ದವರು ಯಾರಾದರೂ ನೋಡಿದ್ದನ್ನು ಬರೆದುಕೊಟ್ಟರೂ ಆಯಿತು ಎಂದರು ಮೇಡಂ.

ಭಾವ ನನ್ನ ಕಡೆ ನೋಡಲಿಲ್ಲ. ನಾನು ಅವರ ಕಡೆ ಹೆಮ್ಮೆಯಿಂದ ನೋಡಿದೆ. ಏಕೆಂದರೆ ನಾನು ನೋಡಿದ್ದೆ.

ನನ್ನ ನೆನಪಿನಲ್ಲಿ ಅದು ಹೀಗಿದೆ. ಮಧ್ಯಾಹ್ನ. ಭಾವ ಹಾಲಿನಲ್ಲಿ ಚಾಪೆಯ ಮೇಲೆ ಅರಿಶಿನದ ಬಣ್ಣಕ್ಕೆ ತಿರುಗಿ ಮಲಗಿದ್ದಾರೆ. ಅಕ್ಕ ಉಪ್ಪಿಲ್ಲದ ಮಜ್ಜಿಗೆ ಅನ್ನ ಕಲಸುತ್ತಿದ್ದಾಳೆ. ಬಾಗಿಲಲ್ಲಿ ಒಬ್ಬ ಮನುಷ್ಯ ನಿಂತಿದ್ದಾನೆ. ಯಾದಗಿರಿ ಕಡೆಯವನು, ಕಚೇರಿಯಲ್ಲಿ ದಿನಗೂಲಿ, ಆ ಎರಡು ತಿಂಗಳು ಭಾವನ ಬದಲು ರಾಡು ಹಿಡಿದವನು. ಭಾವ ಎದ್ದು, ಗೋಡೆ ಹಿಡಿದುಕೊಂಡು ಬಾಗಿಲಿಗೆ ಹೋಗುತ್ತಾರೆ. ಇಬ್ಬರ ನಡುವೆ ಒಂದು ಕಂದು ಬಣ್ಣದ ಕವರು. ‘ಬ್ಯಾಡ್ರಿ ಅಣ್ಣಾರ’ ಎಂಬ ಅವನ ದನಿ ಕೂಡ ಕಿವಿಯಲ್ಲಿದೆ. ಅಕ್ಕ ಕಾಫಿ ಕೊಡಲು ಹೋದಳೆಂದು ಕಾಣುತ್ತದೆ. ಅಂದರೆ ಕಚೇರಿ ರಜೆಯಲ್ಲೂ ರಾಡಿನ ದುಡ್ಡನ್ನು ಭಾವನ ಹೆಸರಿಗೇ ಕೊಟ್ಟಿತು, ಬದಲಿ ಕೆಲಸಗಾರನೇ ಅದನ್ನು ಮನೆಗೆ ತಂದು ಮುಟ್ಟಿಸಿದ. ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕೆ? ಜಗತ್ತಿನಲ್ಲಿ ಎಲ್ಲವನ್ನೂ ಸಂಶಯಿಸುವ ನಾನು ಇದೊಂದನ್ನು ಸಂಶಯಿಸಲಿಲ್ಲ. ಇದು ಬೇಕಾಗಿತ್ತು, ಅದಕ್ಕೇ ಇರಬೇಕು.

ಅರ್ಜಿ ಮುಗಿಸಿ ಒಂದು ಶನಿವಾರ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ, ಪೀಣ್ಯದಲ್ಲಿ ಇಳಿದು ಆಟೋ ಹಿಡಿದು ಲಗ್ಗೆರೆಗೆ ಹೋದೆ. ನಾಲ್ಕೂ ಪುಟವನ್ನು ಗಟ್ಟಿಯಾಗಿ ಓದಿದೆ. ಅಕ್ಕನಿಗೆ ಎರಡನೇ ಪುಟದ ಹೊತ್ತಿಗೆ ಕಣ್ಣು ತುಂಬಿತು. ಅಥವಾ ಈರುಳ್ಳಿ ಹೆಚ್ಚುತ್ತಿದ್ದಳು. ಭಾವ ಮಂಡಿ ತಿಕ್ಕಿಕೊಳ್ಳುತ್ತ ಕೇಳಿದರು. ಕವರಿನ ಭಾಗ ಬಂದಾಗ ತಿಕ್ಕುವುದನ್ನು ನಿಲ್ಲಿಸಿದರು.

‘ಇದೆಲ್ಲ ನಿಂಗೆ ಚೆನ್ನಾಗಿ ನೆನಪಿದ್ಯಾ?’

‘ನಿನ್ನೆ ನಡೆದಂಗಿದೆ ಭಾವ.’

‘ಹೌದಾ’ ಅಂದರು. ಮತ್ತೆ ಮಂಡಿ ತಿಕ್ಕತೊಡಗಿ, ‘ಅದೊಂದು ಅಷ್ಟು ಬೇಕಾ ಅಂತ’ ಅಂದರು. ಅದನ್ನು ನಾನು ಸಂಕೋಚ ಎಂದುಕೊಂಡೆ. ನಮ್ಮ ಭಾವನಿಗೆ ತಮ್ಮ ಕಾಯಿಲೆಯ ಸುದ್ದಿ ನಾಲ್ಕು ಜನ ಓದುವುದು ಹಿಡಿಸುವುದಿಲ್ಲ ಎಂದು ಅಕ್ಕನಿಗೆ ವಿವರಿಸಿದೆ ಕೂಡ.

ಅರ್ಜಿ ಕೊಟ್ಟು ಒಂದು ತಿಂಗಳಾದ ಮೇಲೆ ಮೇಡಂ ಇಬ್ಬರನ್ನೂ ಕರೆಸಿದರು. ನಾನು ರಜೆ ಹಾಕಿ ಹೋದೆ. ಹೋಗುವಾಗ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದೆ. ಅರ್ಜಿಯ ಶೈಲಿಯ ಬಗ್ಗೆ ಯಾರಾದರೂ ಒಂದು ಮಾತಾಡಬಹುದು ಎಂಬ ಆಸೆ ಒಳಗೆ ಇದ್ದದ್ದು ನಿಜ.

ಮೇಡಂ ಶೈಲಿಯಿಂದಲೇ ಶುರು ಮಾಡಿದರು. ಇಷ್ಟು ಒಳ್ಳೆಯ ಕನ್ನಡದ ಅರ್ಜಿಯನ್ನು ತಮ್ಮ ಇಡೀ ಸರ್ವೀಸಿನಲ್ಲಿ ಎರಡೇ ಸಲ ಓದಿದ್ದು ಎಂದರು. ಇನ್ನೊಂದು ಯಾವುದು ಎಂದು ನಾನು ಕೇಳಬಾರದಿತ್ತು, ಕೇಳಿದೆ. ಅವರು ದಾರ ಕಟ್ಟಿದ ಒಂದು ಹಳೆಯ ಕಡತ ಬಿಚ್ಚಿದರು. ಸಂಬಳದ ಪುಸ್ತಕ ಹುಡುಕುವಾಗ ಅದರ ಬದಲು ಇದು ಸಿಕ್ಕಿತಂತೆ. ಒಳಗೆ ಅಂಚು ಹಳದಿಯಾದ ಒಂದು ಹಾಳೆ. ಕೆಳಗೆ ಮೂರು ಸಹಿ, ಮೊದಲನೆಯದು ಭಾವನದು. ಮೇಲಿದ್ದ ಅಕ್ಷರಗಳು ಮಾತ್ರ ಬಲಕ್ಕೆ ವಾಲಿಕೊಂಡು, ಎಲ್ಲಿಗೋ ಹೊರಟವರ ಅವಸರದಲ್ಲಿದ್ದವು. ನನಗೆ ಆ ಅಕ್ಷರಗಳ ಪರಿಚಯವಿತ್ತು.

‘ಇದು ಯಾರ ಕೈಬರಹ ಸಾರ್?’ ಎಂದರು ಮೇಡಂ.

ನಾನು ಓದಿದೆ. ‘ಸದರಿ ಭತ್ಯೆಯು ವ್ಯಕ್ತಿಗೆ ಸಲ್ಲುವ ವೇತನವಲ್ಲ, ರಾಡು ಹಿಡಿದ ಕೈಯ ಶ್ರಮಕ್ಕೆ ಸಲ್ಲುವ ಗೌರವ. ಆದ್ದರಿಂದ ನಾವು ರಜೆಯಲ್ಲಿರುವಾಗ ಅದನ್ನು ನಮಗೆ ಕೊಡದೆ, ನಮ್ಮ ಬದಲು ರಾಡು ಹಿಡಿದವರಿಗೆ ಕೊಡಬೇಕಾಗಿ ವಿನಂತಿ.’

ಒಪ್ಪಿಕೊಳ್ಳುತ್ತೇನೆ, ಮೊದಲು ಬಂದ ಯೋಚನೆ ವಾಕ್ಯ ಚೆನ್ನಾಗಿದೆ ಎಂಬುದು. ಎರಡನೆಯದು ಬರುವಷ್ಟರಲ್ಲಿ ಕಿವಿ ಬಿಸಿಯಾಗಿತ್ತು. ಆ ಹಾಳೆಯನ್ನು ಬರೆದ ಗಳಿಗೆ ನನಗೆ ಎಷ್ಟು ಹುಡುಕಿದರೂ ಸಿಗಲಿಲ್ಲ, ಇವತ್ತಿಗೂ ಸಿಕ್ಕಿಲ್ಲ. ಆದರೆ ಬಾಗಿಲಿನ ಆ ಮಧ್ಯಾಹ್ನ ಅಲ್ಲೇ, ಮೇಡಂ ಅವರ ಮೇಜಿನ ಮುಂದೆ, ಮೆಲ್ಲಗೆ ತಿರುಗಿ ನಿಂತಿತು. ಕಾಫಿ ಬೇಡ ಎಂದು ಯಾರೂ ಹೇಳಿರಲಿಲ್ಲ. ಕವರು ಕೊಡಲು ಹೋದವರು ಭಾವ. ‘ಬ್ಯಾಡ್ರಿ ಅಣ್ಣಾರ’ ಎಂದು ಕೈ ಹಿಂದಕ್ಕೆ ಎಳೆದುಕೊಂಡವನು ಯಾದಗಿರಿಯವನು. ಎರಡು ಕೈ, ನಡುವೆ ಒಂದು ಕವರು; ನನ್ನ ನೆನಪು ಎಲ್ಲವನ್ನೂ ಇಟ್ಟುಕೊಂಡು ದಿಕ್ಕನ್ನು ಮಾತ್ರ ಕಳೆದಿತ್ತು.

ಆಮೇಲೆ ತಿಳಿದದ್ದನ್ನು ಸೇರಿಸಿ ಹೇಳಿದರೆ ಕಥೆ ಇಷ್ಟು. ಆಗ ಕಚೇರಿ ಕಾಯಂ ನೌಕರರಿಗೆ ರಜೆಯಲ್ಲೂ ರಾಡಿನ ದುಡ್ಡು ಕೊಡುತ್ತಿತ್ತು. ದಿನಗೂಲಿಯವರು ಬದಲಿಗೆ ಬಂದರೆ ಅವರಿಗೆ ಅದು ಇಲ್ಲ. ಅದಕ್ಕೇ ನೀರು ಬಿಡುವವರು ತಮ್ಮತಮ್ಮಲ್ಲೇ ಒಂದು ಪದ್ಧತಿ ಇಟ್ಟುಕೊಂಡಿದ್ದರು: ರಾಡು ಯಾರ ಕೈಯಲ್ಲೋ ಆ ತಿಂಗಳ ದುಡ್ಡು ಅವರ ಕೈಗೆ. ಕಾಮಾಲೆಯ ಸಮಯದಲ್ಲಿ ಭಾವ ಕವರು ಕೊಟ್ಟರು, ಅವನು ಬೇಡ ಎಂದ. ಕಾಯಿಲೆಯವರ ಮನೆಯಿಂದ ದುಡ್ಡು ತೆಗೆದುಕೊಂಡು ಹೋಗುವುದಿಲ್ಲ ಎಂದು ಹಟ ಹಿಡಿದನಂತೆ. ಮನೆಯಿಂದ ತಾನೇ ಬೇಡ, ಕಚೇರಿಯಿಂದಲೇ ತಗೋ ಎಂದು ಭಾವ ಇನ್ನಿಬ್ಬರನ್ನು ಸೇರಿಸಿಕೊಂಡು ಅರ್ಜಿ ಕೊಡಲು ಹೊರಟರು. ಮನೆಯಲ್ಲೊಬ್ಬ ತತ್ವಶಾಸ್ತ್ರದ ವಿದ್ಯಾರ್ಥಿ ಪುಕ್ಕಟೆ ಸಿಕ್ಕಿದ್ದ. ಕಚೇರಿಯವರು ಓದಿ, ಮನಸ್ಸು ಕರಗಿ, ಒಪ್ಪಿಬಿಟ್ಟರು. ಅಂದಿನಿಂದ ಇಪ್ಪತ್ತು ವರ್ಷ ಆ ದುಡ್ಡು ರಾಡಿನ ಹಿಂದೆಯೇ ಓಡಾಡಿದೆ.

ನಾನು ಸುಮ್ಮನೆ ಸೋಲುವವನಲ್ಲ. ಅರ್ಜಿಗಿಂತ ಮೊದಲು ರಜೆಯಲ್ಲೂ ಕೊಡುತ್ತಿದ್ದರು ಎಂದು ಈ ಅರ್ಜಿಯೇ ಸಾಬೀತು ಮಾಡುತ್ತದಲ್ಲ ಎಂದೆ. ಮೇಡಂ ತಲೆದೂಗಿದರು. ಅದು ಸರಿ, ಆದರೆ ಪಿಂಚಣಿ ಕೊನೆಯ ಸಂಬಳದ ಮೇಲೆ, ಕೊನೆಗೆ ನಡೆದ ಪದ್ಧತಿಯ ಮೇಲೆ ಎಂದರು. ಹಾಗಾದರೆ ನ್ಯಾಯವಾಗಿ ನಡೆದುಕೊಂಡವರಿಗೆ ನಷ್ಟ, ದುಡ್ಡು ಜೇಬಿಗೆ ಹಾಕಿಕೊಂಡು ಸುಮ್ಮನಿದ್ದವರಿಗೆ ಲಾಭ, ಇದು ಎಂಥ ನಿಯಮ ಎಂದೆ. ಈ ಮಾತನ್ನು ನಾನು ನಿಜವಾಗಿ ಕೇಳಿದ್ದೆ, ವಾದಕ್ಕಾಗಿ ಅಲ್ಲ. ಮೇಡಂ ಎರಡೂ ಅರ್ಜಿಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು.

‘ನೀವು ನಾಲ್ಕು ಪುಟದಲ್ಲಿ ಕೇಳಿರೋದಕ್ಕೆ ನೀವೇ ಒಂದು ಸಾಲಲ್ಲಿ ಉತ್ತರ ಕೊಟ್ಟಿದೀರಲ್ಲ ಸಾರ್’ ಅಂದರು ಕೊನೆಗೆ. ‘ನಾನು ಯಾವ್ದನ್ನ ಮೇಲಕ್ಕೆ ಕಳಿಸ್ಲಿ?’

ಭಾವ ಮೊದಲ ಸಲ ಬಾಯಿ ಬಿಟ್ಟರು. ‘ಹಳೇದೇ ಕಳಿಸಿ ಮೇಡಂ. ಅದ್ರಲ್ಲಿ ಸುಳ್ಳಿಲ್ಲ.’

ಹೊರಗೆ ಬಂದು ಎದುರಿನ ಬೇಕರಿಯಲ್ಲಿ ಟೀ ಹೇಳಿದೆವು. ನಿಲ್ಲಲು ಕಷ್ಟವಾಗಿ ಭಾವ ಅಲ್ಲಿದ್ದ ಒಂದೇ ಸ್ಟೂಲಿನ ಮೇಲೆ ಕೂತರು. ನಾನು ತಪ್ಪಾಯಿತು ಎಂದೆ. ನನ್ನ ಅರ್ಧ ಪುಟದ ಸಾಕ್ಷ್ಯವಿಲ್ಲದಿದ್ದರೆ ಮೇಡಂ ಅಷ್ಟು ಹಳೆಯ ಕಡತಗಳನ್ನು ಕೆದಕುತ್ತಿದ್ದರೋ ಇಲ್ಲವೋ ಎಂಬ ಲೆಕ್ಕ ತಲೆಯಲ್ಲಿ ಸುತ್ತುತ್ತಿತ್ತು. ಆಮೇಲೆ ಇನ್ನೊಂದು ಹೊಳೆಯಿತು.

‘ಭಾವ, ನಿಮಗೆ ಆ ಅರ್ಜಿ ನೆನಪಿತ್ತಾ?’

ಅವರು ಟೀಯನ್ನು ಊದುತ್ತ ನನ್ನನ್ನು ನೋಡಿದರು. ‘ಸೈನ್ ಹಾಕಿದೋನು ನಾನಲ್ವೇನೋ?’

‘ಮತ್ತೆ ಯಾಕೆ ಹೇಳ್ಲಿಲ್ಲ?’

‘ಬರೆದೋನೇ ಮರೆತಿದಾನೆ, ಅವ್ರೂ ಮರೆತಿರ್ತಾರೆ ಅಂದ್ಕೊಂಡೆ. ನಿಮ್ಮಕ್ಕ ಆಸೆ ಇಟ್ಕೊಂಡಿದ್ಲು. ನಂಗೂ ಮಂಡಿ ನೋವಿತ್ತು.’

ಇದಕ್ಕಿಂತ ಪ್ರಾಮಾಣಿಕವಾದ ಅಪ್ರಾಮಾಣಿಕತೆಯನ್ನು ನಾನು ಕಂಡಿಲ್ಲ. ಮೂವತ್ತು ವರ್ಷದಲ್ಲಿ ಆ ಮನುಷ್ಯ ಮಾಡಲು ಹೊರಟ ಒಂದೇ ಒಂದು ಸಣ್ಣ ಮೋಸ, ಅದನ್ನೂ ನಾನು ಬರೆದುಕೊಟ್ಟು ಕೆಡಿಸಿದ್ದೆ. ಯಾದಗಿರಿಯವನು ಈಗಲೂ ಲಗ್ಗೆರೆಯಲ್ಲೇ ಇದ್ದಾನೆ, ಪ್ಲಂಬಿಂಗ್ ಕೆಲಸ ಮಾಡುತ್ತಾನೆ. ಅವನ ಕೆಲಸ ಕಾಯಂ ಆಗಲಿಲ್ಲ, ಆದ್ದರಿಂದ ಅವನ ಸಂಬಳದಲ್ಲಿ ಯಾವ ಭಾಗ ಪಿಂಚಣಿಗೆ ಸೇರಬೇಕು ಎಂದು ಯಾರೂ ತಲೆ ಕೆಡಿಸಿಕೊಂಡಿಲ್ಲ. ಈ ವಿಷಯ ಅವನಿಗೆ ಗೊತ್ತೇ ಎಂದು ಕೇಳಿದೆ.

‘ಹೇಳ್ಬೇಡ ಮಾರಾಯ. ಗೊತ್ತಾದ್ರೆ ಇಪ್ಪತ್ತು ವರ್ಷದ ಹಿಂದಿನ ಆ ದುಡ್ಡು ಕವರಿಗೆ ಹಾಕ್ಕೊಂಡು ಬಂದು ಬಾಗಿಲಲ್ಲಿ ನಿಂತ್ಕೋತಾನೆ.’

ಅಕ್ಕನಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಪೂರ್ತಿ ಕೇಳಿ, ಇಬ್ಬರನ್ನೂ ಒಂದೊಂದು ಸಲ ನೋಡಿ, ಒಬ್ಬನಿಗೆ ನೆನಪಿರುವುದಿಲ್ಲ, ಇನ್ನೊಬ್ಬರಿಗೆ ಇದ್ದರೂ ಹೇಳುವುದಿಲ್ಲ, ಮಧ್ಯದಲ್ಲಿ ನಾನೊಬ್ಬಳು ಲೆಕ್ಕ ಹಾಕುತ್ತ ಕೂತಿದ್ದೆ ಎಂದು ಹೇಳಿ ಒಳಗೆ ಹೋದಳು. ಆ ದಿನ ಅವಳು ನನಗೆ ಊಟಕ್ಕೆ ನಿಲ್ಲು ಎನ್ನಲಿಲ್ಲ. ಅಥವಾ ಅಂದಿದ್ದಳು, ನಾನೇ ಮುಖ ತೋರಿಸಲಾರದೆ ಹೊರಟೆ. ಎರಡರಲ್ಲಿ ಒಂದು.

ಆದೇಶ ಎರಡು ಸಾಲಿನದು: ಮೂಲವೇತನ ಮಾತ್ರ, ವಿಶೇಷ ಭತ್ಯೆಯನ್ನು ಪರಿಗಣಿಸಲಾಗುವುದಿಲ್ಲ. ಜೊತೆಗೆ ನನ್ನ ಹಳೆಯ ಅರ್ಜಿಯ ನಕಲನ್ನು ಲಗತ್ತಿಸಿದ್ದರು. ನಿವೃತ್ತಿಯಾದ ಮರು ತಿಂಗಳು ಭಾವ ಪೀಣ್ಯದ ಗೇಟಿಗೆ ಹೋದರು. ಹನ್ನೆರಡು ಗಂಟೆಯ ಬದಲು ಎಂಟು ಗಂಟೆ, ನಿಲ್ಲುವ ಬದಲು ಕುರ್ಚಿಯಲ್ಲಿ ಕೂತು ಲಾರಿಗಳ ನಂಬರು ಬರೆದುಕೊಳ್ಳುವ ಕೆಲಸ ಎಂದು ಮಾತಾಡಿಕೊಂಡಿದ್ದರು. ಮೊದಲ ವಾರ ಕುರ್ಚಿ ಇರಲಿಲ್ಲ, ಎರಡನೇ ವಾರ ಬಂತು. ಮಗಳ ಓದು ಮುಗಿಯಲು ಎರಡು ವರ್ಷ ಬೇಕು, ಅಷ್ಟು ಸಾಕು ಎನ್ನುತ್ತಾರೆ.

ಹೋದ ತಿಂಗಳು ನೋಡಲು ಹೋಗಿದ್ದೆ. ನೀಲಿ ಅಂಗಿ ತೋಳಿನಲ್ಲಿ ಸ್ವಲ್ಪ ಉದ್ದ, ಅಕ್ಕ ಹೊಲಿದು ಸರಿ ಮಾಡಬೇಕಂತೆ. ಮಂಡಿ ಹೇಗಿದೆ ಎಂದು ಕೇಳಿದೆ, ಇದೆ ಎಂದರು. ಒಂದು ಲಾರಿ ಬಂತು, ಎದ್ದು ನಂಬರು ಬರೆದು, ಕೈ ಊರಿ ಮತ್ತೆ ಕೂತರು. ಸಂಬಳ ಸರಿಯಾಗಿ ಕೊಡುತ್ತಾರಾ ಎಂದು ವಿಚಾರಿಸಿದೆ. ಕೊಡುತ್ತಾರೆ ಎಂದರು, ತಿಂಗಳಿಗೆ ಇಷ್ಟು ಅಂತ ಟೀ ಭತ್ಯೆಯೂ ಉಂಟಂತೆ.

‘ರಜೆ ಹಾಕಿದ ದಿನವೂ ಕೊಡ್ತಾರಾ?’ ಎಂದೆ, ಅಭ್ಯಾಸಬಲದಿಂದ.

ಭಾವ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು ನನ್ನ ಮುಖ ನೋಡಿದರು.

‘ಕೊಡ್ತಾರೆ. ಅದ್ರ ಬಗ್ಗೆ ಏನೂ ಬರೀಬೇಡ.’